‘ವನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ಹುಣ್ಣಿಮೆಗೊಮ್ಮೆಯಾ? ಪ್ರೂಫ್ ಹೋಗ್ಲಿಕ್ಕುಂಟು, ಬೇಗ ಹೇಳಿ

ಕುಂಬಳೆ ಕಡಲು
ನಮ್ಮ ಊರಿನ ಯಕ್ಷಗಾನ ಸಂಘದ ಸ್ಮರಣ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತು. ಗಲ್ಫಿನಲ್ಲಿರುವ ಹಳೆ ಸದಸ್ಯರೊಬ್ಬರು ಇಂಗ್ಲಿಷಿನಲ್ಲಿ ಲೇಖನ ಕಳಿಸಿದ್ದಾರೆ, ಅದನ್ನು ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಅದರಲ್ಲಿ ಒಂದು ಮಾತು: ಈಗೀಗ ನಾನು ಯಕ್ಷಗಾನದ ಆಟ ನೋಡುವುದು ‘ವನ್ಸ್ ಇನ್ ಎ ಬ್ಲೂ ಮೂನ್’.

ಮೊಬೈಲಿಗೆ ಹಾಕಿ ನೋಡಿದೆ, ‘ನೀಲಿ ಚಂದ್ರನಲ್ಲಿ ಒಮ್ಮೆ’ ಅಂತ ಬಂತು. ಚಂದ್ರನಲ್ಲಿಗೆ ಹೋಗಿ ಆಟ ನೋಡಿ ಬಂದವರು ನಮ್ಮ ಸಂಘದಲ್ಲಿ ಯಾರೂ ಇಲ್ಲ. ನಾನು ‘ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ’ ಅಂತ ಬರೆದೆ. ಪ್ರೂಫ್ ನೋಡುವ ಮಾಷ್ಟ್ರು ಅದಕ್ಕೆ ಕೆಂಪು ಗೆರೆ ಎಳೆದು ಬದಿಯಲ್ಲಿ ಬರೆದಿದ್ದಾರೆ: ‘ತಿಂಗಳಿಗೆ ಎರಡು ಸಲವಾ? ವಿಮಾನದ ಟಿಕೆಟ್ ಸಂಘದ ಲೆಕ್ಕದಲ್ಲಿಯಾ?’

ಲೆಕ್ಕ ಹಾಕಿದರೆ ಮಾಷ್ಟ್ರು ಹೇಳುವುದು ಸರಿಯೇ. ಆದರೆ ಕಿವಿಗೆ ನನ್ನದೇ ಸರಿ ಕೇಳ್ತದೆ. ಈ ಬ್ಲೂ ಮೂನ್ ಅಂದರೆ ಎಷ್ಟು ಅಪರೂಪ? ಚಂದ್ರ ನಿಜಕ್ಕೂ ನೀಲಿ ಆಗ್ತಾನಾ? ನಮ್ಮ ಮಾತಿನಲ್ಲಿ ಇನ್ನೂ ಒಳ್ಳೆಯದು ಉಂಟಾ? ಸೋಮವಾರದ ಒಳಗೆ ಬೇಕು ಮಾರಾಯ್ರೆ.

ಬದಿಯಡ್ಕದವ
ನಿಮ್ಮದೇ ಸರಿ. ಮಾತಾಡುವಾಗ ಪಂಚಾಂಗ ಹಿಡ್ಕೊಂಡು ಕೂರ್ಲಿಕ್ಕೆ ಆಗ್ತದಾ?

ಅಡಿಕೆ ಸೋಗೆ
ಮಾಷ್ಟ್ರು ಸರಿ. ಸ್ಮರಣ ಸಂಚಿಕೆ ಅಂದ ಮೇಲೆ ಹತ್ತು ಜನ ಓದ್ತಾರೆ. ಅದರಲ್ಲಿ ಒಂಬತ್ತು ಜನ ತಪ್ಪು ಹುಡುಕ್ಲಿಕ್ಕೆ ಓದುವುದು.

ನಿವೃತ್ತ ಇಂಗ್ಲಿಷ್ ಟೀಚರ್
ಎರಡೂ ಕಡೆಯವರು ಸ್ವಲ್ಪ ನಿಲ್ಲಿ. ಅರ್ಥ ಇಷ್ಟೇ: ತುಂಬಾ ಅಪರೂಪಕ್ಕೆ. ಇಲ್ಲವೇ ಇಲ್ಲ ಅಂತಲ್ಲ, ಇಷ್ಟು ದಿನಕ್ಕೊಮ್ಮೆ ಅಂತ ಗಡುವೂ ಇಲ್ಲ. ಅಭ್ಯಾಸದ ಮಾತಿಗೆ ಮಾತ್ರ ಹೊಂದುವುದು: ಸಿನಿಮಾಕ್ಕೆ ಹೋಗುವುದು, ಕಾಗದ ಬರೆಯುವುದು, ಅಣ್ಣ ಮನೆಗೆ ಬರುವುದು, ಇಂಥದಕ್ಕೆ. ಒಂದೇ ಸಲ ಆಗಿ ಮುಗಿದ ಸಂಗತಿಗೆ ಹಾಕಬಾರದು. ಜೀವಮಾನದಲ್ಲಿ ಒಮ್ಮೆ ಸಿಗುವ ಅವಕಾಶಕ್ಕೆ ‘ವನ್ಸ್ ಇನ್ ಎ ಲೈಫ್‌ಟೈಮ್’ ಅಂತ ಬೇರೆಯೇ ಉಂಟು. ‘ವನ್ಸ್ ಇನ್ ಎ ವೈಲ್’ ಅಂದರೆ ಆಗೊಮ್ಮೆ ಈಗೊಮ್ಮೆ, ಅದು ಇದಕ್ಕಿಂತ ಎಷ್ಟೋ ಹೆಚ್ಚು ಸಲ.

ಮತ್ತೆ, ಅದು ಆಡುಮಾತು. ನನ್ನ ಒಬ್ಬ ಶಿಷ್ಯ ರಜಾ ಅರ್ಜಿಯಲ್ಲಿ ‘ನಾನು ರಜೆ ಮಾಡುವುದು ವನ್ಸ್ ಇನ್ ಎ ಬ್ಲೂ ಮೂನ್ ಮಾತ್ರ’ ಅಂತ ಹೆಡ್‌ಮಾಷ್ಟ್ರಿಗೆ ಬರೆದಿದ್ದ. ಅವರು ಹಾಜರಿ ಪುಸ್ತಕ ತರಿಸಿ ಅವನ ಎದುರೇ ಎಣಿಸಿದರು.

‘ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ’ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಎರಡರಲ್ಲೂ ಸಣ್ಣ ದೂರು ಉಂಟು, ಆ ದೂರು ಉಳಿದರೆ ಸಾಕು.

ಅಡಿಕೆ ಸೋಗೆ
ಹದಿನೈದು ದಿನಕ್ಕೊಮ್ಮೆ ಬರುವುದನ್ನು ಅಪರೂಪ ಅಂತ ಒಪ್ಪಿಕೊಳ್ಳಬೇಕಾ ಟೀಚರ್? ನಮ್ಮ ಮನೆಗೆ ಗ್ಯಾಸ್ ಅದಕ್ಕಿಂತ ತಡವಾಗಿ ಬರ್ತದೆ.

ದೂರದರ್ಶಕ ಮಂಜೇಶ್ವರ
ಆಕಾಶದ ಲೆಕ್ಕ ನಾನು ಹೇಳ್ತೇನೆ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಇಂಗ್ಲಿಷ್ ತಿಂಗಳು 30 ಅಥವಾ 31. ಆದ್ದರಿಂದ ತಿಂಗಳ ಮೊದಲಿಗೇ ಹುಣ್ಣಿಮೆ ಬಂದರೆ ಕೊನೆಗೆ ಇನ್ನೊಂದು ತೂರಿಕೊಳ್ತದೆ. ಆ ಎರಡನೆಯದಕ್ಕೆ ಈಗ ಬ್ಲೂ ಮೂನ್ ಅಂತಾರೆ. 19 ವರ್ಷದಲ್ಲಿ 235 ಹುಣ್ಣಿಮೆ, ಇಂಗ್ಲಿಷ್ ತಿಂಗಳು 228. ಹೆಚ್ಚು ಬಂದದ್ದು 7. ಅಂದರೆ ಸುಮಾರು ಎರಡು ಮುಕ್ಕಾಲು ವರ್ಷಕ್ಕೊಮ್ಮೆ. ಫೆಬ್ರವರಿಗೆ ಮಾತ್ರ ಈ ಯೋಗ ಇಲ್ಲ, ಅದರ ದಿನ ಸಾಲುವುದಿಲ್ಲ. 2018ರಲ್ಲಿ ಫೆಬ್ರವರಿಗೆ ಒಂದು ಹುಣ್ಣಿಮೆಯೂ ಸಿಗದೆ ಜನವರಿ, ಮಾರ್ಚ್ ಎರಡಕ್ಕೂ ಎರಡೆರಡು ಬಂದಿತ್ತು. ಜನವರಿ 31ರದ್ದಕ್ಕೆ ಗ್ರಹಣವೂ ಇತ್ತು, ಕಡಲ ಬದಿಯಲ್ಲಿ ನಿಂತು ನೋಡಿದ್ದೇವೆ. ಬಣ್ಣ ಕೆಂಪು!

ನೀಲಿ ಆಗ್ತಾನಾ ಅಂದರೆ, ಆಗುವುದುಂಟು, ಅದಕ್ಕೂ ಹುಣ್ಣಿಮೆಯ ಲೆಕ್ಕಕ್ಕೂ ಸಂಬಂಧ ಇಲ್ಲ. ಗಾಳಿಯಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದ, ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿನ ಕಣಗಳು ತುಂಬಿದರೆ ಕೆಂಪು ಬೆಳಕು ಚದುರಿಹೋಗಿ ನೀಲಿ ಉಳಿಯುತ್ತದೆ. 1883ರ ಆಗಸ್ಟಿನಲ್ಲಿ ಇಂಡೋನೇಷ್ಯದ ಕ್ರಾಕಟೋವಾ ಜ್ವಾಲಾಮುಖಿ ಸಿಡಿದ ಮೇಲೆ ಎಷ್ಟೋ ದೇಶಗಳಲ್ಲಿ ಚಂದ್ರ ನೀಲಿಯಾಗಿ, ಸೂರ್ಯ ಹಸಿರಾಗಿ ಕಂಡದ್ದು ದಾಖಲಾಗಿದೆ. 1950ರ ಸೆಪ್ಟೆಂಬರಿನಲ್ಲಿ ಕೆನಡಾದ ಕಾಡಿಗೆ ಬೆಂಕಿ ಬಿದ್ದು ಆ ಹೊಗೆ ಸ್ಕಾಟ್ಲೆಂಡಿನವರೆಗೆ ತೇಲಿ ಹೋದಾಗಲೂ ಹಾಗೆಯೇ.

ಅಂದಹಾಗೆ, ನಮ್ಮ ಗೋವಿಂದ ಪೈಗಳು ಹುಟ್ಟಿದ್ದೂ 1883ರಲ್ಲಿ, ಮಾರ್ಚ್ 23ಕ್ಕೆ.

ಬದಿಯಡ್ಕದವ
ಪೈಗಳಿಗೂ ಜ್ವಾಲಾಮುಖಿಗೂ ಎಂತ ಸಂಬಂಧ?

ದೂರದರ್ಶಕ ಮಂಜೇಶ್ವರ
ಸಂಬಂಧ ಇಲ್ಲ. ಮಂಜೇಶ್ವರದವ ಆದ್ದರಿಂದ ಹೇಳಿದೆ. ಹಳೆ ಶಾಸನಗಳ ತಿಥಿ, ವಾರ ಹಿಡಿದು ಜಗಳ ಮಾಡ್ತಿದ್ದ ಮನುಷ್ಯ, ಈ ಚರ್ಚೆಯಲ್ಲಿ ಇದ್ದಿದ್ದರೆ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡ್ತಿದ್ದರು.

ಅನುವಾದ ಪ್ರಿಯ
ದೂರದರ್ಶಕರು ಹೇಳಿದ ‘ತಿಂಗಳ ಎರಡನೇ ಹುಣ್ಣಿಮೆ’ ಅನ್ನುವುದು ಹೊಸ ಕಾಲದ್ದು, ಅದೂ ಒಂದು ತಪ್ಪಿನಿಂದ ಹುಟ್ಟಿದ್ದು. ಅಮೆರಿಕದ ಮೇಯ್ನ್ ರಾಜ್ಯದ ರೈತರ ಪಂಚಾಂಗದಲ್ಲಿ ಒಂದು ಋತುವಿಗೆ ಮೂರರ ಬದಲು ನಾಲ್ಕು ಹುಣ್ಣಿಮೆ ಬಂದರೆ ಮೂರನೆಯದಕ್ಕೆ ಬ್ಲೂ ಮೂನ್ ಅನ್ನುತ್ತಿದ್ದರು. 1946ರಲ್ಲಿ ಹವ್ಯಾಸಿ ಖಗೋಳಜ್ಞರೊಬ್ಬರು ಅದನ್ನು ಓದಿ, ತಿಂಗಳಲ್ಲಿ ಎರಡನೆಯದು ಅಂತ ತಿಳಿದು ಪತ್ರಿಕೆಯಲ್ಲಿ ಬರೆದರು. 1980ರಲ್ಲಿ ಅದು ರೇಡಿಯೋದಲ್ಲಿ ಬಂತು, ಅಲ್ಲಿಂದ ಲೋಕವೆಲ್ಲ ಹರಡಿತು. 1999ರಲ್ಲಿ ಅದೇ ಪತ್ರಿಕೆ ಇದನ್ನು ಬಿಡಿಸಿ ಹೇಳುವ ಹೊತ್ತಿಗೆ ಯಾರು ಕೇಳ್ತಾರೆ?

ಮಾತು ಅದಕ್ಕಿಂತ ಎಷ್ಟೋ ಹಳೆಯದು. 1528ರ ಒಂದು ಇಂಗ್ಲಿಷ್ ವಿಡಂಬನೆಯಲ್ಲಿ, ಪಾದ್ರಿಗಳು ಚಂದ್ರ ನೀಲಿ ಅಂದರೂ ನಾವು ನಂಬಬೇಕು ಅನ್ನುವ ಧಾಟಿಯ ಮಾತು ಬರುತ್ತದೆ. ಅಲ್ಲಿ ನೀಲಿ ಚಂದ್ರ ಅಂದರೆ ಶುದ್ಧ ಅಸಂಬದ್ಧ. ನಮ್ಮ ಮೊಲದ ಕೊಂಬು, ಗಗನ ಕುಸುಮ ಇದ್ದ ಹಾಗೆ. ‘ಆಗದ ಮಾತು’ ಎಂಬಲ್ಲಿಂದ ‘ಎಲ್ಲೋ ಅಪರೂಪಕ್ಕೆ’ ಎಂಬಲ್ಲಿಗೆ ಇಳಿದದ್ದು ಆಮೇಲೆ, 19ನೇ ಶತಮಾನದಲ್ಲಿ.

ನೀಲೇಶ್ವರ ಲೈನ್
ಆಗದ ಮಾತಿಗೆ ಮಲಯಾಳದಲ್ಲಿ ‘ಅನ್ನ್ ಕಾಕ್ಕ ಮಲರ್ನ್ನು ಪರಕ್ಕುಂ’ ಅಂತ ಉಂಟು. ಅವತ್ತು ಕಾಗೆ ಅಂಗಾತ ಹಾರ್ತದೆ! ನನ್ನ ಹೆಂಡತಿ ನಾನು ಬೇಗ ಏಳ್ತೇನೆ ಅಂದಾಗೆಲ್ಲ ಹೇಳುವುದು ಇದನ್ನೇ.

ಹೊಸೂರು ಹುಡುಗ
ನಮ್ ಕಡೆ ತಮಿಳ್ನೋರು ‘ಆಡಿಕ್ಕೊರು ತಡವೈ ಅಮಾವಾಸೈಕ್ಕೊರು ತಡವೈ’ ಅಂತಾರೆ. ಆಡಿ ತಿಂಗಳಿಗೊಮ್ಮೆ, ಅಮಾವಾಸ್ಯೆಗೊಮ್ಮೆ. ಅಂದ್ರೆ ಮೊದಲ್ನೇದು ವರ್ಷಕ್ಕೊಮ್ಮೆ, ಎರಡ್ನೇದು ತಿಂಗಳಿಗೊಮ್ಮೆ. ಅದನ್ನ ಯಾರೂ ಲೆಕ್ಕ ಹಾಕಲ್ಲ. ನಮ್ಮನೇಲಿ ಕನ್ನಡ ಮಾತಾಡ್ವಾಗ್ಲೂ ಅಜ್ಜಿ ‘ಆಡಿಗೊಂದ್ಸಲ ಅಮಾಸೆಗೊಂದ್ಸಲ ಮುಖ ತೋರಿಸ್ತಾನೆ’ ಅಂತಲೇ ಬೈಯೋದು. ನಾನು ಬೆಂಗ್ಳೂರಲ್ಲಿರೋದು, ಹೊಸೂರಿಗೆ ಬರೋದು ಒಂದ್ ಗಂಟೆ ದಾರಿ. ಬೈಸ್ಕೊಳ್ಳೋದ್ರಲ್ಲಿ ತಪ್ಪೇನಿಲ್ಲ.

ರಾಯದುರ್ಗದ ಬಿಸಿಲು
ತೆಲುಗಲ್ಲಿ ‘ಅಮಾವಾಸ್ಯಕೋ ಪುನ್ನಮಿಕೋ’. ನಿಮ್ಮ ಕನ್ನಡದ್ದೇ, ಹಿಂದೆ ಮುಂದೆ ಅಷ್ಟೆ. ನಮ್ಮೂರಲ್ಲಿ ಮಳೆ ಬರೋದಕ್ಕೆ ಹೇಳೋದು ಇದನ್ನ. ಕಾಸರಗೋಡಿನವರಿಗೆ ಅದು ಅರ್ಥ ಆಗೋದಿಲ್ಲ ಬಿಡಿ.

ಬದಿಯಡ್ಕದವ
ಬನ್ನಿ ಒಮ್ಮೆ ಜುಲೈಯಲ್ಲಿ. ನಮಗೆ ಬಿಸಿಲು ಅಮಾವಾಸ್ಯೆಗೊಮ್ಮೆ.

ಅಕ್ಕಲಕೋಟ ಮಂದಿ
ಮರಾಠಿ ಒಳಗ ‘ಸಠಿ-ಸಹಾಮಾಸಿ’ ಅಂತಾರ್ರಿ. ಆರು ತಿಂಗಳಿಗೊಮ್ಮೆ ಮುಖಾ ಕಂಡ್ರ ಕಂಡಿತು ಅನ್ನೂ ಹಂಗ. ಆದ್ರ ನೀವು ಎರಡು ಮುಕ್ಕಾಲು ವರ್ಷ ಅಂದ್ರಲ್ಲ, ಅದು ನಮ್ಮ ಅಧಿಕಮಾಸದ ಲೆಕ್ಕ ಅಲ್ಲೇನ್ರಿ? ಇಲ್ಲೆ ಅದಕ್ಕ ‘ಧೋಂಡ್ಯಾಚಾ ಮಹಿನಾ’ ಅಂತಾರ. ಅಳಿಯನ್ನ ಊಟಕ್ಕ ಕರೀಬೇಕು, ಪುರಣ ತುಂಬಿದ ಧೋಂಡೆ ಮಾಡಬೇಕು, 33 ಅನಾರಸ (ಅಕ್ಕಿಹಿಟ್ಟಿನ ಸಿಹಿ) ತಾಟಿನ್ಯಾಗ ಇಟ್ಟು ಮ್ಯಾಲೆ ದೀಪಾ ಹಚ್ಚಿ ಕೊಡಬೇಕು. ನಮ್ಮ ಮಾಮಾ ಬರೂದು ಅಧಿಕಮಾಸಕ್ಕ ಅಷ್ಟೇ. ಉಳದ ದಿನ ಫೋನ್ ಸುದ್ದಾ ಎತ್ತಂಗಿಲ್ಲ. ಇಂಗ್ಲಿಷಿನ್ಯಾಗ ಬ್ಲೂ ಮೂನ್ ಅಂದ್ರ ನಮ್ಮ ಮಾಮಾನೇ ಅಂತ ಬರಕೋರಿ.

ಅಡಿಕೆ ಸೋಗೆ
33 ಅನಾರಸ ಸಿಗ್ತದೆ ಅಂದರೆ ನಾನೂ ಫೋನ್ ಎತ್ತುವುದಿಲ್ಲ.

ಪಂಚಾಂಗ ಓದುವವ, ಮುಳ್ಳೇರಿಯ
ಅಕ್ಕಲಕೋಟದವರು ಸರಿಯಾದ ಜಾಗಕ್ಕೆ ಕೈ ಹಾಕಿದರು. ಚಾಂದ್ರಮಾನದ 12 ತಿಂಗಳಿಗೆ 354 ದಿನ, ಸೂರ್ಯನ ವರ್ಷಕ್ಕೆ 365. ವರ್ಷಕ್ಕೆ 11 ದಿನ ಹಿಂದೆ ಬೀಳ್ತದೆ. ಅದನ್ನು ತುಂಬಿಸಲಿಕ್ಕೆ 19 ವರ್ಷದಲ್ಲಿ 7 ಅಧಿಕಮಾಸ. ಬ್ಲೂ ಮೂನೂ 19 ವರ್ಷದಲ್ಲಿ 7. ಎರಡೂ ಒಂದೇ ಹೊಟ್ಟೆಯ ಮಕ್ಕಳು. 2015, 2018, 2020, 2023, 2026: ಈ ಐದೂ ವರ್ಷ ಅಧಿಕಮಾಸದ್ದು, ಐದೂ ಬ್ಲೂ ಮೂನಿನದ್ದು. 2026ರಲ್ಲಂತೂ ಮೇ 1ಕ್ಕೆ ಒಂದು ಹುಣ್ಣಿಮೆ, 31ಕ್ಕೆ ಇನ್ನೊಂದು, ಆ 31ನೇದು ಅಧಿಕ ಜ್ಯೇಷ್ಠದ ಒಳಗೇ.

ಹಾಗಾಗಿ ಅನುವಾದಕ್ಕೆ ‘ಅಧಿಕಮಾಸಕ್ಕೊಮ್ಮೆ’ ಅಂತ ಹಾಕಬಹುದು. ಲೆಕ್ಕವೂ ಸರಿ, ಮಾತೂ ನಮ್ಮದು. ಮಾಷ್ಟ್ರಿಗೆ ಕೆಂಪು ಪೆನ್ನು ಮುಚ್ಚಬೇಕಾಗ್ತದೆ.

ಬದಿಯಡ್ಕದವ
ಆದರೆ ಅಧಿಕಮಾಸ ಅಂದಕೂಡಲೇ ನನಗೆ ‘ಬರಗಾಲದಲ್ಲಿ ಅಧಿಕಮಾಸ’ ನೆನಪಾಗುವುದು. ಕಷ್ಟದ ಮೇಲೆ ಕಷ್ಟ ಅಂತ. ಆಟ ನೋಡುವುದು ಕಷ್ಟವಾ? ಕೆಲವು ಯಕ್ಷಗಾನ ಮೇಳದ್ದು ಹೌದು, ಅದು ಬೇರೆ ಮಾತು.

ಉಪ್ಪಳ ಗೇಟ್
ನಮ್ಮ ಹಿಜರಿ ಕ್ಯಾಲೆಂಡರಿನಲ್ಲಿ ಈ ತಲೆನೋವೇ ಇಲ್ಲ. ತಿಂಗಳು ಶುರುವಾಗುವುದೇ ಚಂದ್ರ ಕಂಡ ಮೇಲೆ, ಹುಣ್ಣಿಮೆ ನಡುವಿಗೆ ಬರ್ತದೆ, ಎರಡನೆಯದು ಬರಲಿಕ್ಕೆ ಜಾಗವೇ ಇಲ್ಲ. ಅಧಿಕಮಾಸವನ್ನೂ ಸೇರಿಸುವುದಿಲ್ಲ, ಆ 11 ದಿನವನ್ನು ಹಾಗೆಯೇ ಬಿಡ್ತೇವೆ. ಅದಕ್ಕೇ ರಂಜಾನ್ ಒಮ್ಮೆ ಜೋರು ಮಳೆಯಲ್ಲಿ, ಒಮ್ಮೆ ಸೆಕೆಯಲ್ಲಿ, 33 ವರ್ಷಕ್ಕೆ ಒಂದು ಸುತ್ತು. ಬ್ಲೂ ಮೂನ್ ಚಂದ್ರನ ಗುಣ ಅಲ್ಲ ಮಾರಾಯ್ರೆ, ಇಂಗ್ಲಿಷ್ ಕ್ಯಾಲೆಂಡರಿಗೆ ಚಂದ್ರನ ಪರಿವೆ ಇಲ್ಲದ್ದರಿಂದ ಬಂದದ್ದು.

ದೂರದರ್ಶಕ ಮಂಜೇಶ್ವರ
ಇದು ಬಹಳ ಚಂದ ಹೇಳಿದಿರಿ. ಇನ್ನೊಂದು ತಮಾಷೆ ಉಂಟು. ತಾರೀಕು ಊರಿಂದ ಊರಿಗೆ ಬದಲಾಗ್ತದೆ. 2023ರಲ್ಲಿ ಮೊದಲ ಹುಣ್ಣಿಮೆಯ ಗಳಿಗೆ ಲಂಡನಿನವರಿಗೆ ಆಗಸ್ಟ್ 1ರ ಸಂಜೆ, ನಮಗೆ ಅದು ಮಧ್ಯರಾತ್ರಿ ದಾಟಿ ಆಗಸ್ಟ್ 2. ಗಳಿಗೆ ತಿಂಗಳ ಕೊನೆಯ ರಾತ್ರಿಗೆ ಬಿದ್ದರೆ ಒಂದು ದೇಶಕ್ಕೆ ಬ್ಲೂ ಮೂನ್, ಪಕ್ಕದ ದೇಶಕ್ಕೆ ಬರೀ ಹುಣ್ಣಿಮೆ ಆಗುವುದೂ ಉಂಟು.

ಆಟಿ ಕಳಂಜ ಫ್ಯಾನ್
ಪಂಚಾಂಗದವರೇ, ಒಂದು ತಕರಾರು. ಅಧಿಕಮಾಸ ಘಟ್ಟದ ಮೇಲಿನವರಿಗೆ. ತುಳುನಾಡಿನವರು ನಾವು ತಿಂಗಳು ಎಣಿಸುವುದು ಸೂರ್ಯ ರಾಶಿ ದಾಟುವ ಸಂಕ್ರಾಂತಿಯಿಂದ: ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ. ಸೌರಮಾನಕ್ಕೆ ಎಲ್ಲಿಯ ಅಧಿಕಮಾಸ? ನನ್ನ ಅಮ್ಮನಿಗೆ ‘ಅಧಿಕಮಾಸಕ್ಕೊಮ್ಮೆ’ ಅಂದರೆ, ‘ಅದು ಯಾವ ತಿಂಗಳು’ ಅಂತ ಕೇಳಿಯಾರು.

ಪಂಚಾಂಗ ಓದುವವ, ಮುಳ್ಳೇರಿಯ
ತಿಂಗಳಾಗಿ ಇಲ್ಲ, ಆದರೆ ಅದು ನಿಮ್ಮ ಕಣ್ಣಿಗೆ ಬೀಳುವ ರೀತಿ ಬೇರೆ. ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಾಂತಿಯೇ ಬಾರದಿದ್ದರೆ ಆ ಚಾಂದ್ರಮಾಸ ಅಧಿಕ. ಅದನ್ನೇ ಸೌರಮಾನದಿಂದ ನೋಡಿ: ಒಂದೇ ತಿಂಗಳೊಳಗೆ ಎರಡು ಅಮಾವಾಸ್ಯೆ! ಇಂಗ್ಲಿಷಿನವರಿಗೆ ಎರಡು ಹುಣ್ಣಿಮೆ, ನಿಮಗೆ ಎರಡು ಅಮಾವಾಸ್ಯೆ. 2023ರ ಆಟಿ ನೆನಪಿಲ್ಲವಾ? ಜುಲೈ 17ಕ್ಕೆ ಒಂದು, ಆಗಸ್ಟ್ 16ಕ್ಕೆ ಇನ್ನೊಂದು. ತಿಂಗಳ ಮೊದಲ ದಿನ, ಕೊನೆಯ ದಿನ. ಕೇರಳದಲ್ಲಿ ಕರ್ಕಾಟಕ ವಾವು (ಆ ತಿಂಗಳ ಅಮಾವಾಸ್ಯೆ) ಅಂತ ರಜೆ ಕೊಟ್ಟದ್ದು ಮೊದಲನೆಯದಕ್ಕೆ.

ಆಟಿ ಕಳಂಜ ಫ್ಯಾನ್
ಅಯ್ಯೋ ದೇವರೇ, ನೆನಪಿಲ್ಲದೆ ಏನು! ಆ ವರ್ಷ ನಾನು ಕಷಾಯ ಎರಡು ಸಲ ಕುಡಿದದ್ದು.

ಹೊರಗಿನವರಿಗೆ ಹೇಳುವುದಾದರೆ, ಆಟಿ ಅಮಾವಾಸ್ಯೆ ದಿನ ಬೆಳಕು ಹರಿಯುವ ಮೊದಲು ಹಾಲೆಮರದ ತೊಗಟೆ ತರಬೇಕು. ತುಳುವಿನಲ್ಲಿ ಪಾಲೆ. ಕತ್ತಿ ತಾಗಿಸಲಿಕ್ಕಿಲ್ಲ, ಕಲ್ಲಿನಿಂದಲೇ ಜಜ್ಜಿ ಎಬ್ಬಿಸುವುದು. ಆ ಕತ್ತಲಲ್ಲಿ ಮಳೆ, ಉಂಬುಳ, ಕಾಲಡಿಯ ಕೆಸರು, ಕೈಗೆ ಅಂಟುವ ಹಾಲು. ಮನೆಗೆ ತಂದು ಬೆಳ್ಳುಳ್ಳಿ, ಒಳ್ಳೆಮೆಣಸು, ಓಮ ಹಾಕಿ ಅರೆದು, ರಸ ಹಿಂಡಿ, ಬೆಣಚುಕಲ್ಲನ್ನು ಕೆಂಡದಲ್ಲಿ ಕಾಯಿಸಿ ಅದಕ್ಕೆ ಹಾಕುವಾಗ ಚೊಂಯ್ ಅಂತ ಶಬ್ದ ಬರಬೇಕು. ಬಾಯಿಗೆ ಇಟ್ಟರೆ ಕಹಿ ಕಿವಿಯವರೆಗೆ ಹೋಗ್ತದೆ. ಆಮೇಲೆ ಮೆಂತೆ ಗಂಜಿ ಕೊಡ್ತಾರೆ, ಅದೊಂದೇ ಆಸೆಗೆ ನಾವು ಸಾಲಾಗಿ ಕೂರುವುದು.

ಜುಲೈಯಲ್ಲಿ ಕುಡಿದಾಯಿತು. ಆಗಸ್ಟಿನಲ್ಲಿ ದೊಡ್ಡಮ್ಮನ ಮನೆಗೆ ಹೋದರೆ ಅಲ್ಲಿ ‘ನಿಜವಾದ ಅಮಾವಾಸ್ಯೆ ಇದು’ ಅಂತ ಲೋಟ ತಂದು ಕೈಗೆ ಕೊಟ್ಟರು. ಕುಡಿದಾಗಿದೆ ಅಂದರೆ, ‘ಅದು ಲೆಕ್ಕಕ್ಕಿಲ್ಲ’. ಬೆಳಗ್ಗೆ ಬೆಳಗ್ಗೆ ಎರಡೂ ಮನೆಯವರು ಫೋನಿನಲ್ಲಿ ಜಗಳ. ದೊಡ್ಡಪ್ಪ ಎರಡೂ ಸಲ ತಪ್ಪಿಸಿಕೊಂಡರು, ಅವರಿಗೆ ತೋಟಕ್ಕೆ ಹೋಗುವ ಕೆಲಸ ಆ ಎರಡು ದಿನವೇ ಬಿದ್ದಿತ್ತು.

ಬದಿಯಡ್ಕದವ
ನಮ್ಮಲ್ಲಿಯೂ ಇದೇ ಗಲಾಟೆ. ಎರಡನೇ ಸಲ ಬರೀ ಗಂಜಿ ಮಾಡಿದರು. ಬುದ್ಧಿವಂತರ ಮನೆ.

ಉಪ್ಪಳ ಗೇಟ್
ಗಂಜಿ ಇದ್ದರೆ ನನ್ನನ್ನೂ ಕರೆಯಿರಿ. ಕಷಾಯ ಬೇಡ.

ಹೊಸೂರು ಹುಡುಗ
ಈಗ ಗೊತ್ತಾಯ್ತು, ನಮ್ ಆಡಿ ನಿಮ್ ಆಟಿ ಎರಡೂ ಒಂದೇ ತಿಂಗಳು. ಅದರಲ್ಲಿ ಎರಡು ಅಮಾವಾಸ್ಯೆ ಬಂದ್ರೆ ಅಜ್ಜಿ ಲೆಕ್ಕದಲ್ಲಿ ನಾನು ಮೂರು ಸಲ ಊರಿಗೆ ಹೋಗ್ಬೇಕು.

ಹವಿಗನ್ನಡತಿ
ಎಂಗಳ ಮಕ್ಕೊ ಪೇಟೆಂದ ಮನಗೆ ಬಪ್ಪದು ಅಪರೂಪಕ್ಕೆ ಒಂದರಿ. ಬಂದರೂ ಮೊಬೈಲು ನೋಡಿಗೊಂಡು ಕೂಪದು. ಇದಕ್ಕೆ ಯಾವ ಬಣ್ಣದ ಚಂದ್ರನೂ ಬೇಡ.

ಅಂಗಡಿಮೊಗರು
ನಮ್ಮ ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಹೇಳಿ. 2022ರ ಅಕ್ಟೋಬರಿನಲ್ಲಿ ಆ ಮೊಸಳೆ ಹೋದ ಮೇಲೆ ಕೆರೆ ಖಾಲಿ ಅಂತ ಎಲ್ಲರೂ ಬೇಜಾರು ಮಾಡಿದ್ದರು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಇದಲ್ಲವಾ ವನ್ಸ್ ಇನ್ ಎ ಬ್ಲೂ ಮೂನ್?

ನಿವೃತ್ತ ಇಂಗ್ಲಿಷ್ ಟೀಚರ್
ಅಲ್ಲ. ಅದು ಒಂದೇ ಸಲದ ಸಂಗತಿ, ಅಭ್ಯಾಸ ಅಲ್ಲ. ‘ಹೊಸ ಮೊಸಳೆ ನೀರಿನಿಂದ ಮೇಲೆ ಬರುವುದು ವನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ಮಾರ್ಕು ಕೊಡ್ತೇನೆ.

ಅಂಗಡಿಮೊಗರು
ಟೀಚರ್, ನಿವೃತ್ತರಾದ ಮೇಲೂ ಅರ್ಧ ಮಾರ್ಕು ಕಡಿತವಾ!

ನೀಲೇಶ್ವರ ಲೈನ್
ಚಂದ್ರಗಿರಿ ದಾಟಿ ತೆಂಕಕ್ಕೆ ಬಂದರೆ ಇದಕ್ಕಿಂತ ದೊಡ್ಡ ಅಳತೆ ಉಂಟು, ಪೆರುಂಕಳಿಯಾಟ, ತೆಯ್ಯಂ ಎಂಬ ದೈವಾರಾಧನೆಯ ದೊಡ್ಡ ಉತ್ಸವ. ಕೆಲವು ಕಾವುಗಳಲ್ಲಿ (ದೈವದ ಬನ) 12 ವರ್ಷಕ್ಕೊಮ್ಮೆ, ಕೆಲವದರಲ್ಲಿ 25 ದಾಟಿದ್ದೂ ಉಂಟು. ಸಾವಿರಗಟ್ಟಲೆ ಜನಕ್ಕೆ ಊಟ, ತಿಂಗಳುಗಟ್ಟಲೆ ತಯಾರಿ. ‘ಪೆರುಂಕಳಿಯಾಟಕ್ಕೊಮ್ಮೆ’ ಅಂತ ಹಾಕಿ, ಗಲ್ಫಿನವರಿಗೂ ಕಣ್ಣಲ್ಲಿ ನೀರು ಬರ್ತದೆ.

ಅಡಿಕೆ ಸೋಗೆ
25 ವರ್ಷಕ್ಕೊಮ್ಮೆ ಆಟ ನೋಡುವವರ ಲೇಖನವನ್ನು ಯಕ್ಷಗಾನ ಸಂಘ ಯಾಕೆ ಹಾಕಬೇಕು?

ಗಡಿನಾಡ ಗುಡುಗು
ಎಲ್ಲ ಬಿಡಿ. ನಮ್ಮಲ್ಲಿ ಸರಕಾರಿ ಫಾರಂ ಕನ್ನಡದಲ್ಲಿ ಸಿಗುವುದು, ಬೋರ್ಡಿನಲ್ಲಿ ಕನ್ನಡ ಅಕ್ಷರ ತಪ್ಪಿಲ್ಲದೆ ಕಾಣುವುದು, ಇದು ನಿಜವಾದ ಬ್ಲೂ ಮೂನ್. ಕಾಸರಗೋಡು ಕೇರಳಕ್ಕೆ ಹೋದ 1956ರ ನವೆಂಬರ್ 1ರಿಂದ ಕಾಯ್ತಾ ಇದ್ದೇವೆ. ಚಂದ್ರಗಿರಿಯ ಬಡಗಣ ಭಾಗ ಕರ್ನಾಟಕಕ್ಕೆ ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆಮೇಲೆ ಬೆಂಗಳೂರಿನವರಿಗೆ ನಮ್ಮ ನೆನಪು ರಾಜ್ಯೋತ್ಸವಕ್ಕೊಮ್ಮೆ.

ಅಕ್ಕಲಕೋಟ ಮಂದಿ
ಅದೇ ಆಯೋಗ ಅಕ್ಕಲಕೋಟನೂ ಕರ್ನಾಟಕಕ್ಕ ಕೊಡ್ರಿ ಅಂದಿತ್ತು. ನಾವೂ ಅದ ಸಾಲಿನ್ಯಾಗ ನಿಂತೀವಿ. ಸರದಿ ಮುರೀಬ್ಯಾಡ್ರಿ.

ಉಪ್ಪಳ ಗೇಟ್
ಈ ದಾರಿ ಹಿಡಿದರೆ ಸೋಮವಾರ ಅಲ್ಲ, ಮುಂದಿನ ಅಧಿಕಮಾಸಕ್ಕೂ ಪ್ರೂಫ್ ಹೋಗುವುದಿಲ್ಲ. ಚಂದ್ರನ ವಿಷಯಕ್ಕೆ ಬನ್ನಿ.

ಹೊಸೂರು ಹುಡುಗ
ಒಂದ್ ಡೌಟು. ‘ಓವರ್ ದ ಮೂನ್’ ಅಂದ್ರೂ ಇದೇನಾ? ಆಫೀಸಲ್ಲಿ ಒಬ್ರು ‘ಬೋನಸ್ ಬಂತು, ಐ ಆಮ್ ಓವರ್ ದ ಮೂನ್’ ಅಂದ್ರು. ಬೋನಸ್ ಅಪರೂಪ ಅಂತ ಹೇಳ್ತಿದಾರೆ ಅಂದ್ಕೊಂಡೆ.

ನಿವೃತ್ತ ಇಂಗ್ಲಿಷ್ ಟೀಚರ್
ಅದು ಹಿರಿಹಿರಿ ಹಿಗ್ಗಿದ್ದಕ್ಕೆ.

ಕುಂಬಳೆ ಕಡಲು
ಇಷ್ಟೆಲ್ಲ ಓದಿ ನಾನು ಮಾಡಿದ್ದು ಒಂದೇ ಕೆಲಸ: ಲೇಖನ ಬರೆದವರಿಗೇ ಫೋನ್ ಮಾಡಿದೆ. ನಿಮಗೆ ಆಟ ಸಿಗುವುದು ಯಾಕೆ ಅಷ್ಟು ಅಪರೂಪ ಅಂತ ಕೇಳಿದೆ. ಅವರು ಹೇಳಿದರು, ಮಕ್ಕಳ ಶಾಲೆಗೆ ಅಲ್ಲಿ ರಜೆ ಜುಲೈ, ಆಗಸ್ಟಿನಲ್ಲಿ. ಊರಿಗೆ ಬರುವುದು ಆಗಲೇ. ಮೇಳಗಳು ಗೆಜ್ಜೆ ಬಿಚ್ಚುವುದು ಬೇಶ ತಿಂಗಳ 10ಕ್ಕೆ, ಪತ್ತನಾಜೆಗೆ. ಅಂದರೆ ಮೇ ಕೊನೆಯ ವಾರಕ್ಕೆ ತಿರುಗಾಟ ಮುಗಿಯಿತು, ಮತ್ತೆ ಹೊರಡುವುದು ದೀಪಾವಳಿ ಕಳೆದು. ಇವರು ಬರುವ ಹೊತ್ತಿಗೆ ಊರಲ್ಲಿ ಇರುವುದು ಮಳೆ ಮತ್ತು ಹಲಸಿನ ಹಪ್ಪಳ. ಮದುವೆಯೋ ಮುಂಜಿಯೋ ಅಂತ ಜನವರಿಯಲ್ಲಿ ಓಡಿ ಬಂದರೆ ಮಾತ್ರ ಒಂದು ರಾತ್ರಿ ಬಯಲಾಟ ಸಿಗುವುದು.

ಅದನ್ನೇ ಬರೆದೆ: ‘ನನ್ನ ರಜೆ ಆಟಿಯಲ್ಲಿ, ಮೇಳದ ರಜೆಯೂ ಆಟಿಯಲ್ಲಿ. ಹಾಗಾಗಿ ಈಗೀಗ ಆಟ ನೋಡುವುದೆಂದರೆ ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ.’ ಮಾಷ್ಟ್ರು ಓದಿದರು, ಕನ್ನಡಕ ತೆಗೆದರು, ಇನ್ನೊಮ್ಮೆ ಓದಿ ಗೆರೆ ಹಾಕದೆ ಕೆಳಗಿನ ವಾಕ್ಯಕ್ಕೆ ಹೋದರು.

ಅನುವಾದ ಪ್ರಿಯ
ವಾಕ್ಯ ಚಂದ ಉಂಟು, ಆದರೆ ಇದು ಅನುವಾದ ಅಲ್ಲ. ಮೂಲದಲ್ಲಿ ಆಟಿಯೂ ಇಲ್ಲ, ಮೇಳದ ರಜೆಯೂ ಇಲ್ಲ. ಬರೆದವರ ಬಾಯಿಗೆ ನೀವು ಮಾತು ಹಾಕಿದಿರಿ. ನಾಳೆ ಇನ್ನೊಬ್ಬರು ಇಂಗ್ಲಿಷಿನದ್ದನ್ನೂ ಕನ್ನಡದ್ದನ್ನೂ ಎದುರೆದುರು ಇಟ್ಟು ಕೇಳಿದರೆ?

ಕುಂಬಳೆ ಕಡಲು
ಅವರ ಬಾಯಿಂದಲೇ ಫೋನಿನಲ್ಲಿ ಬಂದದ್ದು. ಓದಿ ಹೇಳಿದೆ, ‘ಹೀಗೇ ಇರಲಿ’ ಅಂದರು.

ಅನುವಾದ ಪ್ರಿಯ
ಬರೆದವರು ಫೋನಿಗೆ ಸಿಗುವಾಗ ಇದು ನಡೀತದೆ. ಸತ್ತವರ ಲೇಖನ ಆಗಿದ್ದರೆ ಏನು ಮಾಡ್ತಿದ್ದಿರಿ?

ಅಡಿಕೆ ಸೋಗೆ
ಸತ್ತವರು ಪ್ರೂಫ್ ನೋಡ್ಲಿಕ್ಕೆ ಬರುವುದಿಲ್ಲ, ಅದೇ ಸುಖ. ನನಗೆ ಈ ವಾಕ್ಯ ಒಪ್ಪಿಗೆ. ಹದಿನೈದು ದಿನದ ಲೆಕ್ಕದ ತಕರಾರು ಮಾತ್ರ ಹಾಗೆಯೇ ಉಂಟು.

ನೀಲೇಶ್ವರ ಲೈನ್
ಮಲಯಾಳದ್ದು ಹಾಕಿದ್ದರೆ ಆ ತಕರಾರೇ ಇರ್ತಿರಲಿಲ್ಲ. ‘ಆಂಡಿನುಂ ಸಂಕ್ರಾಂತಿಕ್ಕುಂ’, ವರ್ಷಕ್ಕೊಮ್ಮೆ ಸಂಕ್ರಾಂತಿಗೊಮ್ಮೆ ಅಂತ. ಅಪ್ಪಟ ಅಪರೂಪ.

ಪಂಚಾಂಗ ಓದುವವ, ಮುಳ್ಳೇರಿಯ
ಸಂಕ್ರಾಂತಿ ಪ್ರತಿ ತಿಂಗಳು ಬರ್ತದೆ ಸ್ವಾಮೀ. ವರ್ಷಕ್ಕೆ 12. ಹುಣ್ಣಿಮೆಯೂ ಹೆಚ್ಚುಕಡಿಮೆ ಅಷ್ಟೇ.

ನೀಲೇಶ್ವರ ಲೈನ್
ನಮಗೆ ಸಂಕ್ರಾಂತಿ ಅಂದರೆ ಕರ್ಕಾಟಕ ಸಂಕ್ರಾಂತಿ, ವರ್ಷಕ್ಕೆ ಒಂದೇ!

ರಾಯದುರ್ಗದ ಬಿಸಿಲು
ಇಲ್ಲ, ಸಂಕ್ರಾಂತಿ ಅಂದ್ರೆ ಜನವರೀದು. ಕೋಳಿ ಪಂದ್ಯ, ಗಾಳಿಪಟ. ಕರ್ಕಾಟಕ ಅಂದ್ರೆ ಏನು?

ಆಟಿ ಕಳಂಜ ಫ್ಯಾನ್
ಶುರುವಾಯಿತು. ನಾನು ಗಂಜಿಗೆ ಮೆಂತೆ ನೆನೆಹಾಕಿ ಬರ್ತೇನೆ, ಅಷ್ಟರಲ್ಲಿ ಒಂದು ತೀರ್ಮಾನ ಮಾಡಿ ಇಡಿ.